ಸಂತೆಯಲ್ಲಿ ಆಡಿದ ಮಾತು, ಕಚೇರಿಗೆ ಕೊಟ್ಟ ದೂರು

ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ಡಾಕ್ಟರ ಬೋರ್ಡು ಓದಿ ಒಳಗೆ ಹೋಗುವವರು ಕಡಿಮೆ. ಬೀರೂರಿನಲ್ಲಿ ಬಸ್ಸು ಹತ್ತಿದಾಗಲೇ ಪಕ್ಕದ ಸೀಟಿನವರನ್ನು ವಿಚಾರಿಸಿ ಆಗಿರುತ್ತದೆ: ಮಗುವಿನ ಜ್ವರಕ್ಕೆ ಯಾರು, ಮಂಡಿ ನೋವಿಗೆ ಯಾರು. ಇಳಿದ ಮೇಲೆ ಮೆಡಿಕಲ್ ಶಾಪಿನವನ ಹತ್ತಿರ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಪೋಡಿ, ಪಹಣಿ, ಪಾಲುಪಟ್ಟಿ ತಕರಾರಿಗೆ ವಕೀಲರನ್ನು ಹುಡುಕುವುದೂ ಹೀಗೆಯೇ. ಅಜ್ಜಂಪುರದ ಕಡೆ, ಅಮೃತ್ ಮಹಲ್ ತಳಿ ಕೇಂದ್ರ 1929ರಿಂದ ಇರುವ ಸೀಮೆಯಲ್ಲಿ, ಕರು ಅಡ್ಡ ಬಂದಾಗ ಯಾವ ಪಶುವೈದ್ಯರಿಗೆ ಫೋನ್ ಮಾಡಬೇಕೆಂಬುದನ್ನೂ ಊರ ಬಾಯಿಯೇ ತೀರ್ಮಾನಿಸುತ್ತದೆ. ಈ ಮೂರೂ ತಾಲ್ಲೂಕಿನಲ್ಲಿ ವೃತ್ತಿಯವರು ಜಾಹೀರಾತು ಕೊಟ್ಟು ಬದುಕುವುದಿಲ್ಲ. ನಾಲ್ಕು ಜನ ಆಡುವ ಒಳ್ಳೆ ಮಾತೇ ಅವರ ಸಂಪಾದನೆ.

ಹಾಗಾದರೆ ನಾಲ್ಕು ಜನ ಸುಳ್ಳು ಆಡಿದರೆ?

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ವಯಸ್ಸಾದವರೊಬ್ಬರನ್ನು ತರೀಕೆರೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸುತ್ತಾರೆ, ಮೂರನೇ ದಿನ ತೀರಿಕೊಳ್ಳುತ್ತಾರೆ. ಆ ರಾತ್ರಿ ಬೆಂಗಳೂರಿನಲ್ಲಿರುವ ಮೊಮ್ಮಗ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಾನೆ: 'ಇವನ ಡಿಗ್ರಿನೇ ಡೂಪ್ಲಿಕೇಟು, ಡೇಟ್ ಮುಗಿದಿರೋ ಇಂಜೆಕ್ಷನ್ ಹಾಕಿ ನಮ್ಮ ಅಜ್ಜನ್ನ ಸಾಯಿಸಿದ. ಎಲ್ಲರಿಗೂ ಕಳಿಸಿ, ಇನ್ನೊಬ್ಬರ ಮನೆ ಹಾಳಾಗೋದು ಬೇಡ.' ಬೆಳಗಾಗುವಷ್ಟರಲ್ಲಿ ಅದು ಲಿಂಗದಹಳ್ಳಿ, ಶಿವನಿ, ಯಗಟಿಯ ಗುಂಪುಗಳನ್ನೆಲ್ಲ ಸುತ್ತಿ ವೈದ್ಯರ ಹೆಂಡತಿಯ ಮೊಬೈಲಿಗೇ ಬಂದು ಬಿದ್ದಿರುತ್ತದೆ.

ಹುಡುಗನ ದುಃಖ ನಿಜ. ಅವನು ಆಡಿದ ಮಾತುಗಳೆಲ್ಲ ಒಂದೇ ತೂಕದವಲ್ಲ ಎಂಬುದೂ ನಿಜ. 'ಆ ಡಾಕ್ಟರ ಕೈಗುಣ ಚೆನ್ನಾಗಿಲ್ಲ' ಎಂದಿದ್ದರೆ ಅದೊಂದು ಅಭಿಪ್ರಾಯ. ಕೈಗುಣ ಇದೆಯೋ ಇಲ್ಲವೋ ಎಂದು ಯಾವ ಕೋರ್ಟೂ ಅಳೆಯಲು ಹೋಗುವುದಿಲ್ಲ. 'ನಮಗೆ ಸರಿಯಾಗಿ ಏನೂ ಹೇಳಲಿಲ್ಲ, ಬೇರೆ ಕಡೆ ಕರೆದುಕೊಂಡು ಹೋಗಬೇಕಿತ್ತು' ಎನ್ನುವುದು ಅನುಭವ. ಆದರೆ ಡಿಗ್ರಿ ನಕಲಿ ಎನ್ನುವುದು ತಾಳೆ ನೋಡಬಹುದಾದ ಸಂಗತಿ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲೂ ಔಷಧಿ ಚೀಟಿಯಲ್ಲೂ ತೋರಿಸಬೇಕೆಂಬ ನಿಯಮವೇ ಇದೆ. ಚೀಟಿ ನೋಡಿ ಸಂಖ್ಯೆ ಪರಿಶೀಲಿಸುವ ಶ್ರಮ ತೆಗೆದುಕೊಳ್ಳದೆ ಆಡಿದ ಆ ಒಂದು ಮಾತೇ ಸಾಕು, ಮಾನಹಾನಿ ಕೇಸು ನಿಲ್ಲುತ್ತದೆ. 'ಸಾಯಿಸಿದ' ಎನ್ನುವುದೂ ಅಂಥದ್ದೇ. ರೋಗಿ ಉಳಿಯಲಿಲ್ಲ ಎಂದ ಮಾತ್ರಕ್ಕೆ ವೈದ್ಯರು ಅಪರಾಧಿ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ವಿವರವಾಗಿ ಹೇಳಿದೆ.

ಮಾನಹಾನಿ ಎಂದರೆ ಈಗಲೂ ಎಲ್ಲರ ಬಾಯಲ್ಲಿ ಬರುವುದು 'ಫೋರ್ ನೈಂಟಿನೈನ್, ಫೈವ್ ಹಂಡ್ರೆಡ್'. 1860ರ ದಂಡಸಂಹಿತೆಯ ಆ ಎರಡು ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನೊಳಗೆ ಸೇರಿಕೊಂಡಿವೆ. ಶಿಕ್ಷೆ ಮೊದಲಿನಂತೆಯೇ: ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಮುದಾಯ ಸೇವೆ ಎಂಬ ನಾಲ್ಕನೆಯ ದಾರಿ ಹೊಸದಾಗಿ ಸೇರಿದೆ. ಮಾನಹಾನಿಯನ್ನು ಅಪರಾಧವಾಗಿ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಸುಬ್ರಮಣಿಯನ್ ಸ್ವಾಮಿ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಒಯ್ದಿದ್ದರು; 2016ರ ಮೇ 13ರಂದು ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಹೆಸರು ಕೆಟ್ಟಿತು ಎನ್ನಬೇಕಾದರೆ ಏನಾಗಿರಬೇಕು ಎಂಬುದಕ್ಕೆ ಕಲಮಿನ ವಿವರಣೆಯಲ್ಲಿ ಒಂದು ಪಟ್ಟಿಯಿದೆ. ನಡತೆ, ಬುದ್ಧಿ, ಜಾತಿ, ಕಸುಬು, ಸಾಲ-ಕಡಕ್ಕೆ ಇರುವ ನಂಬಿಕೆ ಇವುಗಳಲ್ಲಿ ಯಾವುದಾದರೂ ಬೇರೆಯವರ ಕಣ್ಣಲ್ಲಿ ಕೆಳಗಿಳಿದಿರಬೇಕು. ಕಸುಬನ್ನು ಹೀಗೆ ಬೇರೆಯಾಗಿ ಹೆಸರಿಸಿರುವುದರಿಂದಲೇ ವೈದ್ಯರು, ವಕೀಲರು, ಎಂಜಿನಿಯರು, ಮೇಷ್ಟ್ರು, ಮಂಡಿ ವರ್ತಕರು ಎಲ್ಲರಿಗೂ ಇಲ್ಲಿ ಜಾಗವಿದೆ.

ಕಲಮಿಗಿಂತ ಅದರ ಕೆಳಗಿರುವ ಹತ್ತು ವಿನಾಯಿತಿಗಳನ್ನು ಓದಿದರೆ ಕಾನೂನಿನ ಮನಸ್ಸು ಹೆಚ್ಚು ತಿಳಿಯುತ್ತದೆ. ಅದರಲ್ಲೊಂದು ಉದಾಹರಣೆ ಬೀರೂರಿನ ಯಾವ ಅಂಗಡಿಯಲ್ಲಿ ಬೇಕಾದರೂ ನಡೆಯುವಂಥದ್ದು. ಅಂಗಡಿಯ ಯಜಮಾನ ತನ್ನ ವ್ಯವಹಾರ ನೋಡಿಕೊಳ್ಳುವವನಿಗೆ ಹೇಳುತ್ತಾನೆ: ಇಂಥವನಿಗೆ ಕೈಮೇಲೆ ದುಡ್ಡು ಕೊಟ್ಟರೆ ಮಾತ್ರ ಮಾಲು ಕೊಡು, ಅವನ ಪ್ರಾಮಾಣಿಕತೆ ಮೇಲೆ ನನಗೆ ನಂಬಿಕೆಯಿಲ್ಲ. ತನ್ನ ಹಿತ ಕಾಪಾಡಿಕೊಳ್ಳಲು ಸದ್ಭಾವನೆಯಿಂದ ಹೇಳಿದ್ದರೆ ಇದು ಮಾನಹಾನಿ ಅಲ್ಲ. ಅದೇ ಯಜಮಾನ ಅದೇ ಮಾತನ್ನು ಸಂತೆಯಲ್ಲಿ ನಿಂತು ಹೇಳಿದರೆ ಆ ವಿನಾಯಿತಿ ಅವನ ಕೈಹಿಡಿಯುವುದು ಕಷ್ಟ. ಮಾತು ಬದಲಾಗಿಲ್ಲ, ಕೇಳಿಸಿಕೊಂಡವರು ಬದಲಾಗಿದ್ದಾರೆ. ಇನ್ನೊಂದು ವಿನಾಯಿತಿ ಇದಕ್ಕಿಂತ ಮುಖ್ಯ: ಆ ವಿಷಯ ವಿಚಾರಿಸುವ ಅಧಿಕಾರ ಇರುವವರಿಗೆ ಸದ್ಭಾವನೆಯಿಂದ ಕೊಟ್ಟ ದೂರು ಮಾನಹಾನಿಯಲ್ಲ.

ನನ್ನ ಮಟ್ಟಿಗೆ ಈ ಕಾನೂನಿನ ತಿರುಳು ಇರುವುದೇ ಇಲ್ಲಿ. ವೃತ್ತಿಯವರ ವಿರುದ್ಧ ಬಾಯಿ ಬಿಡಬೇಡಿ ಎಂದು ಅದು ಹೇಳುವುದಿಲ್ಲ, ಎಲ್ಲಿ ಬಿಡುತ್ತೀರಿ ಎಂದು ನೋಡುತ್ತದೆ. ಆ ಮೊಮ್ಮಗನಿಗೆ ಹೋಗಲು ಜಾಗಗಳಿದ್ದವು. ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ಕುಂದುಕೊರತೆ ನೋಡಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ವೈದ್ಯರ ನಡವಳಿಕೆಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿದೆ. ಪರಿಹಾರ ಬೇಕಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು 1995ರಲ್ಲೇ ತೀರ್ಮಾನವಾಗಿದೆ. ವಕೀಲರ ಮೇಲೆ ದೂರಿದ್ದರೆ ರಾಜ್ಯ ವಕೀಲರ ಪರಿಷತ್ತು, ಮೇಷ್ಟ್ರ ಮೇಲಿದ್ದರೆ ಬಿಇಒ ಕಚೇರಿ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ ಸುಮ್ಮನಿರುವುದೇ ಅಪರಾಧ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹೂಡುವಂತಿಲ್ಲ ಎಂದು ಪೋಕ್ಸೊ ಕಾಯ್ದೆಯೇ ರಕ್ಷಣೆ ಕೊಟ್ಟಿದೆ. ಇಲ್ಲೆಲ್ಲ ಎಷ್ಟು ಖಾರವಾಗಿ ಬರೆದರೂ, ಕೊನೆಗೆ ದೂರು ಸಾಬೀತಾಗದೇ ಹೋದರೂ, ಬರೆದವರು ಅದಷ್ಟಕ್ಕೇ ಅಪರಾಧಿಗಳಾಗುವುದಿಲ್ಲ. ಈ ಕಚೇರಿಗಳು ವರ್ಷಗಟ್ಟಲೆ ಅಲೆಸುತ್ತವೆ ಎಂಬ ಗೊಣಗಾಟ ಇದೆ. ಅದು ಸುಳ್ಳಲ್ಲ. ವಾಟ್ಸ್ಆ್ಯಪ್ಪಿನಲ್ಲಿ ನ್ಯಾಯ ಒಂದೇ ರಾತ್ರಿಗೆ ಸಿಗುತ್ತದೆ, ಅದಕ್ಕೇ ಜನ ಅಲ್ಲಿಗೆ ಹೋಗುತ್ತಾರೆ.

ಸರಿಯಾದ ಜಾಗದಲ್ಲಿ ಹೇಳಿದ ಮಾತ್ರಕ್ಕೆ ಏನು ಬೇಕಾದರೂ ಹೇಳಬಹುದು ಎಂದೂ ಅಲ್ಲ. ಇದಕ್ಕೆ ವಕೀಲರೊಬ್ಬರ ಪ್ರಕರಣವೇ ಸಾಕ್ಷಿ. ರಾಜೀವ್ ಗಾಂಧಿ ಹತ್ಯೆಯ ವಿಚಾರಣೆ ನಡೆಸುತ್ತಿದ್ದ ಜೈನ್ ಆಯೋಗದ ಮುಂದೆ ರಾಮ್ ಜೇಠ್ಮಲಾನಿ ವಕೀಲರಾಗಿದ್ದರು. ಅದೇ ಆಯೋಗಕ್ಕೆ ಕೊಟ್ಟ ಲಿಖಿತ ವಾದದಲ್ಲಿ ಸುಬ್ರಮಣಿಯನ್ ಸ್ವಾಮಿ ಅವರು, ಜೇಠ್ಮಲಾನಿ ಎಲ್‌ಟಿಟಿಇಯಿಂದ ಹಣ ಪಡೆಯುತ್ತಿದ್ದಾರೆ ಎಂಬರ್ಥದ ಮಾತು ಬರೆದರು. ಆಯೋಗದ ಮುಂದಿನ ಮಾತಿಗೆ ರಕ್ಷಣೆಯಿದೆ ಎಂಬ ವಾದ ದೆಹಲಿ ಹೈಕೋರ್ಟಿನಲ್ಲಿ ನಡೆಯಲಿಲ್ಲ. 2006ರಲ್ಲಿ 5 ಲಕ್ಷ ರೂಪಾಯಿ ಪರಿಹಾರಕ್ಕೆ ತೀರ್ಪಾಯಿತು. ಇನ್ನೊಂದು 1970ರದು, ಪಂಜಾಬಿನದು. ನರ್ಸ್ ಆಗಿದ್ದ ಹೆಂಗಸಿನ ಮೇಲೆ ಪುರಸಭೆಯ ಅಧ್ಯಕ್ಷರು ಪತ್ರದಲ್ಲಿ ಆರೋಪ ಹೊರಿಸಿದ್ದರು. ಊರಿನ ಹಿತಕ್ಕಾಗಿ ಬರೆದೆ ಎಂಬ ಅವರ ಸದ್ಭಾವನೆಯ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬರೆಯುವ ಮೊದಲು ನಿಜವೋ ಸುಳ್ಳೋ ಎಂದು ನೋಡುವ ಎಚ್ಚರ ಇರಬೇಕು, ಬರಿಯ ನಂಬಿಕೆ ಸಾಲದು ಎಂಬುದು ಅದರ ನಿಲುವು. ಈಗಿನ ನಮ್ಮ ಪಂಚಾಯಿತಿ, ಪುರಸಭೆ ಸದಸ್ಯರು ಆಶಾ ಕಾರ್ಯಕರ್ತೆಯರ ಮೇಲೆ, ಗ್ರಾಮ ಆಡಳಿತಾಧಿಕಾರಿಗಳ ಮೇಲೆ ಬರೆಯುವ ಅರ್ಜಿಗಳಿಗೂ ಈ ಮಾತು ಅನ್ವಯ.

ಹೆಸರು ಹೇಳದೆ ಬೈದರೆ ತಪ್ಪಿಸಿಕೊಳ್ಳಬಹುದು ಎಂಬ ಜಾಣತನ ನಮ್ಮಲ್ಲಿ ಬಹಳ. 'ಹೆಸರು ಬೇಡ, ಬಸ್‌ಸ್ಟ್ಯಾಂಡ್ ಎದುರಿಗೆ, ಮಹಡಿ ಮೇಲೆ, ಕೆಳಗಡೆ ಬೇಕರಿ ಇದೆಯಲ್ಲ, ಅಲ್ಲಿ ಕೂರೋ ಲಾಯರ್ರು.' ಇದಾದ ಮೇಲೆ ಹೆಸರು ಹೇಳುವ ಅಗತ್ಯವಾದರೂ ಏನಿದೆ? ದೊಡ್ಡ ನಗರದಲ್ಲಿ ಮರೆಯಾಗಬಹುದಾದ ವಿವರ ತಾಲ್ಲೂಕು ಕೇಂದ್ರದಲ್ಲಿ ನೇರ ಬೆರಳು ತೋರಿಸಿದ ಹಾಗೆಯೇ. ಗುಂಪನ್ನು ಬೈಯುವ ವಿಷಯದಲ್ಲೂ ಅಷ್ಟೇ. 'ವಕೀಲರೆಲ್ಲ ಸುಳ್ಳುಗಾರರು' ಎಂದರೆ ಯಾರೂ ಬಂದು ನನ್ನ ಮಾನ ಹೋಯಿತು ಎನ್ನಲಾಗದು. ಆದರೆ ಅಲೀಗಢದ 'ಕಲಿಯುಗ್' ಎಂಬ ಪತ್ರಿಕೆ 1960ರಲ್ಲಿ ಅಲ್ಲಿನ ಸರ್ಕಾರಿ ಅಭಿಯೋಜಕರು ಲಂಚ ತಿನ್ನುತ್ತಾರೆ ಎಂಬಂತೆ ಬರೆದಾಗ, ಅದು ಬೆರಳೆಣಿಕೆಯ, ಗುರುತು ಹಿಡಿಯಬಹುದಾದ ಗುಂಪು ಎಂದು ಸುಪ್ರೀಂ ಕೋರ್ಟ್ 1965ರಲ್ಲಿ ಸಂಪಾದಕರ ಶಿಕ್ಷೆಯನ್ನು ಎತ್ತಿಹಿಡಿಯಿತು. ಒಂದು ಊರಿನ ಕೋರ್ಟು, ಒಂದು ಆಸ್ಪತ್ರೆ, ಒಂದು ಹೈಸ್ಕೂಲು ಎಂದು ಹೇಳಿದ ಕ್ಷಣ ಗುಂಪು ಚಿಕ್ಕದಾಗುತ್ತದೆ, ಹೊಣೆ ದೊಡ್ಡದಾಗುತ್ತದೆ.

ಉದ್ದೇಶವೇ ಇಲ್ಲದೆ ಯಾರದೋ ಹೆಸರಿಗೆ ಮಸಿ ಹತ್ತಿದರೆ? ಇಲ್ಲಿ ಇಂಗ್ಲೆಂಡಿನ ದಾರಿ ಬೇರೆ, ನಮ್ಮ ದಾರಿ ಬೇರೆಯಾಗಿ ಸಾಗಿದ ಒಂದು ಸ್ವಾರಸ್ಯವಿದೆ. 1908ರಲ್ಲಿ ಇಂಗ್ಲೆಂಡಿನ ಭಾನುವಾರದ ಪತ್ರಿಕೆಯೊಂದು ಫ್ರಾನ್ಸಿನ ಕಡಲ ತೀರದ ಮೋಜಿನ ಲೇಖನದಲ್ಲಿ ಆರ್ಟಿಮಸ್ ಜೋನ್ಸ್ ಎಂಬ ಕಲ್ಪಿತ ಹೆಸರು ಬಳಸಿ, ಅವನು ಹೆಂಡತಿಯಲ್ಲದವಳ ಜೊತೆ ತಿರುಗುತ್ತಿದ್ದಾನೆ ಎಂದು ಬರೆಯಿತು. ಅದೇ ಹೆಸರಿನ ನಿಜವಾದ ಬ್ಯಾರಿಸ್ಟರ್ ಒಬ್ಬರಿದ್ದರು. ಅವರಿಗೆ 1,750 ಪೌಂಡ್ ಪರಿಹಾರ ಸಿಕ್ಕಿತು, ಹೌಸ್ ಆಫ್ ಲಾರ್ಡ್ಸ್ ಕೂಡ ಅದನ್ನೇ ಒಪ್ಪಿತು. ನಮ್ಮ ಪಕ್ಕದ ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಇದಕ್ಕೆ ಹೋಲುವ ಘಟನೆ ನಡೆಯಿತು. ಊದುಬತ್ತಿಯ ಹೆಸರಿನಲ್ಲಿ ಸಿಲೋನಿಗೆ ಅಫೀಮು ಸಾಗಿಸುತ್ತಿದ್ದ ತಿರುನೆಲ್ವೇಲಿಯ ವ್ಯಕ್ತಿಯೊಬ್ಬನ ಬಂಧನವಾಗಿದೆ ಎಂದು 'ದಿನಮಲರ್' ಪತ್ರಿಕೆಯಲ್ಲಿ ಬಂತು. ಅಲ್ಲಿ ಊದುಬತ್ತಿ ತಯಾರಿಸಿ ಸಿಲೋನಿಗೆ ಕಳಿಸುತ್ತಿದ್ದ ಮರ್ಯಾದಸ್ಥ ವ್ಯಾಪಾರಿಯೊಬ್ಬರಿದ್ದರು. ಊರೆಲ್ಲ ಅವರನ್ನೇ ನೋಡತೊಡಗಿತು. ಕೆಳಗಿನ ಕೋರ್ಟು ಅವರಿಗೆ ಪರಿಹಾರ ಕೊಟ್ಟರೂ ಮದ್ರಾಸ್ ಹೈಕೋರ್ಟು 1972ರಲ್ಲಿ ಅದನ್ನು ಒಪ್ಪಲಿಲ್ಲ. ಪತ್ರಿಕೆಗೆ ಆ ವ್ಯಾಪಾರಿ ಇರುವುದೇ ಗೊತ್ತಿರಲಿಲ್ಲ, ಇಂಗ್ಲೆಂಡಿನ ಕಠಿಣ ನಿಯಮ ಇಲ್ಲಿಗೆ ಬೇಡ ಎಂದಿತು. ನ್ಯಾಯ ಯಾವ ಕಡೆ ಹೆಚ್ಚಿದೆ ಎಂದು ಕೇಳಿದರೆ ನನ್ನ ಒಲವು ಮದ್ರಾಸಿನ ಕಡೆಗೇ, ಆ ವ್ಯಾಪಾರಿಯ ಸಂಕಟ ನೆನೆದರೂ.

ಇನ್ನು ನೊಂದವರು ಏನು ಮಾಡಬೇಕು ಎಂಬ ಮಾತು. ಮೊದಲು ಎಲ್ಲರೂ ಓಡುವುದು ಠಾಣೆಗೆ. 'ಸಾರ್, ನನ್ನ ಹೆಸರು ಹಾಳು ಮಾಡ್ತಿದ್ದಾರೆ, ಎಫ್‌ಐಆರ್ ಮಾಡಿ' ಎಂದರೆ, 'ಇದು ನಮಗೆ ಬರೋದಿಲ್ಲ ಸಾರ್, ಕೋರ್ಟಿಗೆ ಹೋಗಿ' ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಅದು ಪೊಲೀಸರ ಉಡಾಫೆಯಲ್ಲ. ಬೆದರಿಕೆ, ಹಲ್ಲೆ ಜೊತೆಗಿದ್ದರೆ ಮಾತು ಬೇರೆ. ಮಾನಹಾನಿ ಒಂದೇ ಆದರೆ ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಕೋರ್ಟಿನ ಆವರಣದಲ್ಲಿ ಇದಕ್ಕೆ 'ಪಿಸಿಆರ್ ಹಾಕೋದು' ಎನ್ನುತ್ತಾರೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನ ಪ್ರಕಾರ ಆರೋಪಿಗೂ ಒಂದು ಅವಕಾಶ ಕೊಡದೆ ಮ್ಯಾಜಿಸ್ಟ್ರೇಟರು ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳುವಂತಿಲ್ಲ. ಆ ಅವಕಾಶ ಯಾವಾಗ ಎಂಬ ಗೊಂದಲವನ್ನು ಬಗೆಹರಿಸಿದ್ದು ನಮ್ಮ ಹೈಕೋರ್ಟೇ, ಅದೂ ಒಂದು ಮಾನಹಾನಿ ಪ್ರಕರಣದಲ್ಲಿ. ಸಚಿವ ಶಿವಾನಂದ ಪಾಟೀಲರು ಶಾಸಕ ಬಸನಗೌಡ ಪಾಟೀಲ ಯತ್ನಾಳರ ಮೇಲೆ ಕೊಟ್ಟ ದೂರಿನಲ್ಲಿ, ಮೊದಲು ದೂರುದಾರರ ಪ್ರಮಾಣ ಹೇಳಿಕೆ ದಾಖಲಾಗಬೇಕು, ಆಮೇಲೆ ಆರೋಪಿಗೆ ನೋಟಿಸ್ ಹೋಗಬೇಕು ಎಂದು 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಹೇಳಿದರು. ರಾಜಕಾರಣಿಗಳ ಜಗಳದಿಂದ ಜನಸಾಮಾನ್ಯರಿಗೆ ಉಪಕಾರವಾದ ಅಪರೂಪದ ಸಂದರ್ಭ ಇದು.

ಸಾಕ್ಷ್ಯದ ವಿಷಯದಲ್ಲಿ ಬಹಳ ಕೇಸುಗಳು ಮುಗ್ಗರಿಸುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ರೀನ್‌ಶಾಟಿನ ಪ್ರಿಂಟು ತೆಗೆಸಿ, ಫೈಲಿಗೆ ಸೇರಿಸಿ, ಮೊಬೈಲು ಬದಲಾಯಿಸಿಬಿಡುತ್ತಾರೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಆ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದಕ್ಕೆ ಮೊಬೈಲು ಇಟ್ಟುಕೊಂಡವರ ಸಹಿ, ಇನ್ನೊಂದಕ್ಕೆ ತಜ್ಞರದು. ಆದ್ದರಿಂದ ಮೂಲ ಮೊಬೈಲು, ಮೂಲ ಮೆಸೇಜು ಹಾಗೇ ಇರಲಿ. ಯಾವ ಗುಂಪು, ಯಾವ ದಿನ, ಎಷ್ಟು ಗಂಟೆ, ಯಾರ ನಂಬರಿನಿಂದ ಎಂಬುದು ತೆರೆಯ ಮೇಲೆ ಕಾಣುವಂತಿರಲಿ. ಮತ್ತೊಂದು ವಿಷಯ: ನಿಮಗೊಬ್ಬರಿಗೇ ಬಂದ ಬೈಗುಳದ ಮೆಸೇಜು ಎಷ್ಟೇ ಹೊಲಸಾಗಿದ್ದರೂ ಮಾನಹಾನಿ ಅಲ್ಲ. ಮೂರನೆಯವರು ಓದಿರಬೇಕು, ಕೇಳಿರಬೇಕು. ಗ್ರೂಪ್ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬ ಹಾಕಿದ ಮೆಸೇಜಿಗೆ ಹೊಣೆ ಬರುವುದಿಲ್ಲ ಎಂದು ಬಾಂಬೆ, ಕೇರಳ ಹೈಕೋರ್ಟುಗಳು ಹೇಳಿವೆ. ಆದರೆ ಫಾರ್ವರ್ಡ್ ಮಾಡಿದವರು 'ನಾನು ಬರೆದಿದ್ದಲ್ಲ' ಎಂದರೆ ಕೈ ತೊಳೆದುಕೊಂಡಂತೆ ಆಗುವುದಿಲ್ಲ.

ಶಿಕ್ಷೆ ಬೇಡ, ಪರಿಹಾರ ಬೇಕು ಎನ್ನುವವರಿಗೆ ಸಿವಿಲ್ ದಾವೆ. ಎರಡೂ ದಾರಿಯಲ್ಲಿ ಒಟ್ಟಿಗೆ ಹೋಗಬಹುದು. ವ್ಯತ್ಯಾಸ ಇಷ್ಟು: ಕ್ರಿಮಿನಲ್ ಕೇಸಿನಲ್ಲಿ ಮಾತು ನಿಜವಾಗಿದ್ದರೆ ಸಾಲದು, ಆಡಿದ್ದು ಸಾರ್ವಜನಿಕ ಹಿತಕ್ಕೂ ಇರಬೇಕು. ಸಿವಿಲ್ ದಾವೆಯಲ್ಲಿ ನಿಜ ಎಂದು ಸಾಬೀತಾದರೆ ಅಲ್ಲಿಗೆ ಮುಗಿಯಿತು. ಬೆಂಗಳೂರಿನಲ್ಲಿ ಕೂತು ಮೆಸೇಜು ಹಾಕಿದವನ ಮೇಲೆ ತರೀಕೆರೆಯಲ್ಲೇ ದಾವೆ ಹೂಡಬಹುದು. ಕೇಡು ಆದ ಊರು ಅಥವಾ ಪ್ರತಿವಾದಿಯ ಊರು, ಎರಡರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮು ಬಿಡುತ್ತದೆ. ಎಡವುವುದು ಕಾಲಮಿತಿಯಲ್ಲಿ. 1963ರ ಕಾಲಮಿತಿ ಕಾಯ್ದೆ ಮಾನಹಾನಿ ದಾವೆಗೆ ಕೊಡುವುದು ಒಂದೇ ವರ್ಷ. ಹಿರಿಯರ ಮಧ್ಯಸ್ಥಿಕೆ, ಜಾತ್ರೆ ಕಳೆಯಲಿ, ಚುನಾವಣೆ ಮುಗಿಯಲಿ ಎನ್ನುತ್ತಾ ಆ ವರ್ಷ ಹೇಗೆ ಸರಿಯಿತೆಂದೇ ತಿಳಿಯುವುದಿಲ್ಲ. ಕ್ರಿಮಿನಲ್ ದೂರಿಗೆ ಮೂರು ವರ್ಷ ಇದೆ ಎಂದು ಯಾರೋ ಹೇಳಿದ್ದನ್ನು ಇದಕ್ಕೂ ಹಚ್ಚಿಕೊಂಡು ಕೂತವರಿಗೆ ದಾವೆಯ ಬಾಗಿಲು ಮುಚ್ಚಿರುತ್ತದೆ.

ಎಷ್ಟು ಕೇಳಬೇಕು? 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗಿಗೆ ತಮ್ಮ ಹೆಸರು ತಳಕು ಹಾಕಿದ್ದಕ್ಕೆ ನಟಿ ರಮ್ಯಾ ಹೂಡಿದ ದಾವೆಯಲ್ಲಿ ಬೆಂಗಳೂರಿನ ನ್ಯಾಯಾಲಯ 2019ರಲ್ಲಿ ಸುವರ್ಣ ನ್ಯೂಸ್ ವಾಹಿನಿಯವರು 50 ಲಕ್ಷ ರೂಪಾಯಿ ಕೊಡಬೇಕೆಂದಿತು. ಇಂಥ ಸುದ್ದಿ ಓದಿ ನೋಟಿಸಿನಲ್ಲಿ ಕೋಟಿಗಳ ಲೆಕ್ಕ ಬರೆಸುವವರಿದ್ದಾರೆ. ನೋಟಿಸಿಗೆ ಖರ್ಚಿಲ್ಲ, ದಾವೆಗೆ ಮಾತ್ರ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಏರುತ್ತದೆ. ಕೋಟಿ ಕೋಟಿ ಎಂದು ಗುಡುಗಿದವರಲ್ಲಿ ಎಷ್ಟೋ ಜನ ಫೀ ಲೆಕ್ಕ ಹಾಕಿದ ಮೇಲೆ ಮೆತ್ತಗಾಗುತ್ತಾರೆ. ಕ್ಲಿನಿಕ್ಕಿನ ಹೊರರೋಗಿ ರಿಜಿಸ್ಟರು, ಮೆಸೇಜು ಹರಡುವ ಮೊದಲಿನ ಮೂರು ತಿಂಗಳು ಮತ್ತು ಆಮೇಲಿನ ಮೂರು ತಿಂಗಳು, ಅಕ್ಕಪಕ್ಕ ಇಟ್ಟರೆ ಅದೊಂದು ಗಟ್ಟಿ ಸಾಕ್ಷ್ಯ. ಆವೇಶದ ಹತ್ತು ಪುಟಕ್ಕಿಂತ ಅದು ಹೆಚ್ಚು ಮಾತಾಡುತ್ತದೆ.

ಕಾನೂನಿಗೆ ಇನ್ನೊಂದು ಮುಖವೂ ಇದೆ, ಅದನ್ನು ಬಿಟ್ಟರೆ ಈ ಲೇಖನ ವೃತ್ತಿಯವರ ಪರವಾದ ವಕಾಲತ್ತಾಗುತ್ತದೆ. ನೋಟಿಸು ಬಾಯಿ ಮುಚ್ಚಿಸುವ ಸಾಧನವೂ ಹೌದು. ಹೆಸರಾಂತ ಸಂಪಾದಕ, ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ಅವರು ತಮ್ಮ ವೃತ್ತಿಜೀವನದ ಹೆಸರು ಕೆಟ್ಟಿತೆಂದು ಪತ್ರಕರ್ತೆ ಪ್ರಿಯಾ ರಮಣಿ ಅವರ ಮೇಲೆ ಕೇಸು ಹಾಕಿದರು. ರಮಣಿ ಅಕ್ಬರ್ ಅವರ ಮೇಲಿನ ಲೈಂಗಿಕ ಕಿರುಕುಳದ ಆರೋಪವನ್ನು ಹೇಳಿದ್ದು ಯಾವ ಸಮಿತಿಯ ಮುಂದೆಯೂ ಅಲ್ಲ, ಲೇಖನದಲ್ಲಿ ಮತ್ತು ಟ್ವಿಟರಿನಲ್ಲಿ, ಅದೂ ಎಷ್ಟೋ ವರ್ಷಗಳ ನಂತರ. 2021ರ ಫೆಬ್ರುವರಿ 17ರಂದು ದೆಹಲಿಯ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಹೆಣ್ಣಿನ ಘನತೆಯನ್ನು ಬಲಿಕೊಟ್ಟು ಇನ್ನೊಬ್ಬರ ಹೆಸರು ಕಾಪಾಡಲಾಗದು, ತನಗಾದ ಅನ್ಯಾಯವನ್ನು ಆಕೆ ದಶಕಗಳ ನಂತರವೂ ತಾನು ಆರಿಸಿದ ವೇದಿಕೆಯಲ್ಲಿ ಹೇಳಬಹುದು ಎಂದಿತು. ಸರಿಯಾದ ಜಾಗ ಎಂಬ ನನ್ನ ವಾದ ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಆ ಜಾಗಗಳೇ ಇಲ್ಲದ ಕಾಲದಲ್ಲಿ, ಇದ್ದರೂ ಅಲ್ಲಿ ಕೂತವರು ಆರೋಪಿಯ ಪಂಕ್ತಿಯವರೇ ಆಗಿದ್ದಾಗ, ಜನ ಬೀದಿಯಲ್ಲಿ ಮಾತಾಡದೆ ಇನ್ನೆಲ್ಲಿ ಮಾತಾಡಬೇಕು? ನಿಜವಾಗಿ ನಕಲಿ ವೈದ್ಯನಾಗಿರುವವನನ್ನು ನಕಲಿ ಎಂದವರಿಗೆ ಹೆದರುವ ಕಾರಣವಿಲ್ಲ. ಕಾಗದ ಕೈಯಲ್ಲಿರಬೇಕು, ಅಷ್ಟೆ.

ಬಹುಪಾಲು ಕೇಸುಗಳು ತೀರ್ಪಿನವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. ಮಾನಹಾನಿ ರಾಜಿಯಾಗಬಹುದಾದ ಅಪರಾಧ, ಲೋಕ್ ಅದಾಲತ್ತಿನಲ್ಲಿ ಮುಗಿಸಬಹುದು. ಅಜ್ಜನನ್ನು ಕಳೆದುಕೊಂಡ ಹುಡುಗನನ್ನು ಜೈಲಿಗೆ ಕಳಿಸಿ ವೈದ್ಯರಿಗೆ ಆಗುವ ಲಾಭವೇನಿಲ್ಲ. ಹೋದ ರೋಗಿಗಳು ವಾಪಸು ಬರಬೇಕು. ಸುಳ್ಳು ಹಾಕಿದ ಗುಂಪಿನಲ್ಲೇ, ಹಾಕಿದವನ ದನಿಯಲ್ಲೇ ವಿಷಾದದ ಮೆಸೇಜು ಬರಬೇಕು ಎಂದು ಕೇಳುವುದು ಅದಕ್ಕೇ. ಸುಳ್ಳು ಓಡಿದಷ್ಟು ದೂರ ವಿಷಾದ ಓಡುವುದಿಲ್ಲ, ಅದನ್ನು ಫಾರ್ವರ್ಡ್ ಮಾಡಲು ಯಾರಿಗೂ ಉಮೇದು ಇರುವುದಿಲ್ಲ. ಆದ್ದರಿಂದ ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲು, ವಿಷಾದ ಯಾವ ಯಾವ ಗುಂಪಿಗೆ ಹೋಗಬೇಕು, ಎಷ್ಟು ದಿನ ಅಳಿಸದೆ ಇರಬೇಕು, ಅಳಿಸಿದರೆ ಏನು ಎಂಬುದನ್ನೆಲ್ಲ ಗುಂಪುಗಳ ಹೆಸರಿನ ಸಮೇತ ಬರೆಸಿಕೊಳ್ಳುವುದು ಒಳ್ಳೆಯದು.